ಜುಲೈನಲ್ಲೇ ಶಾಲೆ ಶುರುವಾದರೆ ಮಗು ಅಜ್ಜಿ ಮನೆಗೆ ಹೋಗುವುದು ಯಾವಾಗ?

ಪ್ರಶ್ನೆ: ಮೇಡಂ, ನಾವು ಮೈಸೂರಿನವರು. ನಾರ್ತ್ ಕೆರೊಲಿನಾಕ್ಕೆ ಬಂದು ಎಂಟು ವರ್ಷ ಆಯಿತು. ಈ ಮಾರ್ಚ್‌ನಲ್ಲಿ ಕ್ಯಾರಿಯಲ್ಲಿ ಸ್ವಂತ ಮನೆಗೆ ಬಂದೆವು. ಈ ವಿಳಾಸಕ್ಕೆ ಸಿಗುವ ಎಲಿಮೆಂಟರಿ ಶಾಲೆ ಇಯರ್‌ರೌಂಡ್ ಅಂತೆ, ಜುಲೈನಲ್ಲೇ ಶುರು, ಬೇಸಿಗೆಯ ಉದ್ದ ರಜೆ ಇಲ್ಲ. ಮಗಳು ಥರ್ಡ್ ಗ್ರೇಡ್‌ಗೆ ಹೋಗಬೇಕು. ಮಗ ಹೈಸ್ಕೂಲು ಸೇರುತ್ತಿದ್ದಾನೆ, ಅವನದು ಮಾಮೂಲಿ ಕ್ಯಾಲೆಂಡರ್. ಪಕ್ಕದ ಮನೆಯವರು "ಇಯರ್‌ರೌಂಡ್ ಮಕ್ಕಳು ಯಾವಾಗಲೂ ಮುಂದೆ ಇರ್ತಾರೆ, ಬಿಡಬೇಡಿ" ಅನ್ನುತ್ತಾರೆ. ಕನ್ನಡ ಕೂಟದ ಪರಿಚಯದವರೊಬ್ಬರು "ಅದು ದುಡ್ಡು ಉಳಿಸೋಕೆ ಮಾಡಿದ್ದು, ಮಕ್ಕಳಿಗೆ ಪುರುಸೊತ್ತೇ ಇರಲ್ಲ" ಅನ್ನುತ್ತಾರೆ. ನಾನು ಆಸ್ಪತ್ರೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತೇನೆ, ಯಜಮಾನರದು ಐಟಿ. ವರ್ಷಕ್ಕೆ ನಾಲ್ಕು ಸಲ ಮೂರು ಮೂರು ವಾರ ಮಗಳನ್ನು ಯಾರು ನೋಡಿಕೊಳ್ಳುವುದು? ಕಳೆದ ಬೇಸಿಗೆಯಲ್ಲಿ ಅವಳು ಎರಡು ತಿಂಗಳು ಮೈಸೂರಿನಲ್ಲಿ ಇದ್ದು ಬಂದಳು. ಕನ್ನಡ ಪಟಪಟ ಮಾತಾಡಲು ಕಲಿತಳು. ಆದರೆ ವಾಪಸ್ ಬಂದಾಗ ಕಳೆಯುವ ಲೆಕ್ಕ ಪೂರ್ತಿ ಮರೆತುಹೋಗಿತ್ತು. ಅತ್ತೆಗೆ ಶಾಲೆಯ ವಿಷಯ ಹೇಳಿದರೆ "ಹಾಗಾದ್ರೆ ಮಗು ಇನ್ನು ಬರೋದೇ ಇಲ್ವಾ" ಅಂತ ಅತ್ತುಬಿಟ್ಟರು. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಅತ್ತೆಗೆ ಫೋನ್ ಮಾಡಿ, ಮಗು ಬರುತ್ತಾಳೆ ಅಂತ ಹೇಳಿಬಿಡಿ. ಯಾವಾಗ, ಹೇಗೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಆ ಹಿರಿಯರು ಅಳುತ್ತಾ ಕೂತಿದ್ದಾರೆ ಅಂತ ಓದಿದ ಮೇಲೆ ಅದನ್ನು ಕೊನೆಗೆ ಇಟ್ಟುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ನನ್ನ ಅಭಿಪ್ರಾಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಇಯರ್‌ರೌಂಡ್ ಪರ. ನೀವಿರುವ ಸೀಮೆಯ ಶಾಲೆಗಳಲ್ಲೇ ಹದಿನಾರು ವರ್ಷ ಪಾಠ ಮಾಡಿದ್ದೇನೆ. ಐದು ವರ್ಷ ಮಾಮೂಲಿ ಕ್ಯಾಲೆಂಡರ್, ಹನ್ನೊಂದು ವರ್ಷ ಇಯರ್‌ರೌಂಡ್. ಆದರೆ ನಿಮ್ಮ ಪಕ್ಕದ ಮನೆಯವರು ಹೇಳುವ ಕಾರಣಕ್ಕೆ ನಾನು ಇದನ್ನು ಒಪ್ಪಿದವಳಲ್ಲ. "ಮಕ್ಕಳು ಯಾವಾಗಲೂ ಮುಂದೆ ಇರ್ತಾರೆ" ಅನ್ನುವ ಮಾತಿಗೆ ಆಧಾರ ತುಂಬಾ ತೆಳು. ಕೂಟದ ಪರಿಚಯದವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಇನ್ನರ್ಧ ತಪ್ಪು.

ತಪ್ಪಾದ ಅರ್ಧ ಯಾವುದು ಅಂದರೆ, ಪುರುಸೊತ್ತಿಲ್ಲ ಅನ್ನುವುದು. ನಿಮ್ಮ ಕ್ಯಾರಿ ಸೇರಿರುವ ವೇಕ್ ಕೌಂಟಿಯ ಇಯರ್‌ರೌಂಡ್ ಶಾಲೆಯಲ್ಲೂ ಪಾಠ ನಡೆಯುವುದು ಸುಮಾರು 180 ದಿನವೇ. ಮಾಮೂಲಿ ಶಾಲೆಯಲ್ಲೂ ಅಷ್ಟೇ. ಹೆಸರು ಕೇಳಿ ಎಷ್ಟೋ ಜನ ಹನ್ನೆರಡು ತಿಂಗಳೂ ಪಾಠ ಅಂದುಕೊಂಡು ಗಾಬರಿಯಾಗುತ್ತಾರೆ. ಇಲ್ಲಿ ಬದಲಾಗುವುದು ರಜೆ ಹಂಚುವ ರೀತಿ. 45 ದಿನ ಶಾಲೆ, 15 ದಿನ ರಜೆ. ಅಂದರೆ ಒಂಬತ್ತು ವಾರ ಪಾಠ, ಮೂರು ವಾರ ಬಿಡುವು. ಈ ಸುತ್ತು ನಾಲ್ಕು ಸಲ ನಡೆದರೆ 48 ವಾರ. ಉಳಿದದ್ದು ಡಿಸೆಂಬರ್ ರಜೆ, ಹಬ್ಬ ಹುಣ್ಣಿಮೆ, ಅಧ್ಯಾಪಕರ ಕೆಲಸದ ದಿನಗಳಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಒಟ್ಟಿಗೆ ಸಿಗುತ್ತಿದ್ದ ಹತ್ತು-ಹನ್ನೊಂದು ವಾರವನ್ನು ಮುರಿದು ವರ್ಷದ ತುಂಬಾ ಹರಡಿದ್ದಾರೆ, ಅಷ್ಟೇ.

ಶಾಲೆ ಶುರುವಾಗುವ ಮುಂಚೆ ನಿಮಗೆ ಒಂದು ಹಾಳೆ ಸಿಗುತ್ತದೆ, ನಾಲ್ಕು ಟ್ರ್ಯಾಕ್‌ಗಳ ಕ್ಯಾಲೆಂಡರ್. ಇಲ್ಲಿನ ಮನೆಗಳಲ್ಲಿ ಅದು ವರ್ಷಪೂರ್ತಿ ಫ್ರಿಜ್ ಮೇಲೆ ಅಂಟಿಕೊಂಡಿರುತ್ತದೆ. ಶಾಲೆಯ ಮಕ್ಕಳನ್ನು ನಾಲ್ಕು ಗುಂಪು ಮಾಡುತ್ತಾರೆ, ಒಂದೊಂದು ಗುಂಪೂ ಒಂದೊಂದು ಟ್ರ್ಯಾಕ್. ಯಾವಾಗ ನೋಡಿದರೂ ಮೂರು ಗುಂಪು ಶಾಲೆಯಲ್ಲಿ, ಒಂದು ಗುಂಪು ರಜೆಯಲ್ಲಿ. ರಜೆಗೆ ಹೋಗುವುದನ್ನು "ಟ್ರ್ಯಾಕ್ ಔಟ್" ಅನ್ನುತ್ತಾರೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ನಿಮ್ಮ ಮಗಳೇ "ಅಮ್ಮ, ನಾನು ಮುಂದಿನ ವಾರ ಟ್ರ್ಯಾಕ್ ಔಟ್" ಅನ್ನಲು ಶುರು ಮಾಡುತ್ತಾಳೆ.

ಇನ್ನು ದುಡ್ಡಿನ ವಿಷಯ. ಇದು ನಿಜವಾದ ಅರ್ಧ, ಇದನ್ನು ಮುಚ್ಚಿಡಬಾರದು. 600 ಮಕ್ಕಳಿಗೆ ಕಟ್ಟಿದ ಕಟ್ಟಡದಲ್ಲಿ ನಾಲ್ಕು ಟ್ರ್ಯಾಕ್ ಮಾಡಿದರೆ 800 ಮಕ್ಕಳನ್ನು ಸೇರಿಸಬಹುದು. ಯಾಕೆಂದರೆ ಯಾವಾಗಲೂ 200 ಮಕ್ಕಳು ಮನೆಯಲ್ಲಿರುತ್ತಾರೆ. ಕ್ಯಾರಿ, ಎಪೆಕ್ಸ್, ಮಾರಿಸ್‌ವಿಲ್ ಕಡೆ ಹೊಸ ಬಡಾವಣೆಗಳು ಎಷ್ಟು ಬೇಗ ಎದ್ದವು ಅಂತ ನೀವೇ ನೋಡಿದ್ದೀರಿ. ಶಾಲೆ ಕಟ್ಟುವ ವೇಗ ಅದಕ್ಕೆ ಸಾಲಲಿಲ್ಲ. 2006ರ ನವೆಂಬರ್‌ನಲ್ಲಿ ಇಲ್ಲಿನ ಮತದಾರರು ಶಾಲೆಗಳಿಗಾಗಿ 97 ಕೋಟಿ ಡಾಲರ್ ಬಾಂಡ್‌ಗೆ, ಅಂದರೆ ಸಾಲ ಎತ್ತಲು, ಒಪ್ಪಿಗೆ ಕೊಟ್ಟರು. ಹಲವು ಶಾಲೆಗಳನ್ನು ಇಯರ್‌ರೌಂಡ್ ಮಾಡುತ್ತೇವೆ ಅನ್ನುವ ಲೆಕ್ಕ ಆ ಯೋಜನೆಯ ಒಳಗೇ ಇತ್ತು. 2007ರಲ್ಲಿ 22 ಶಾಲೆಗಳನ್ನು ಒಂದೇ ಸಲ ಬದಲಾಯಿಸಿದರು. ಅಪ್ಪ-ಅಮ್ಮಂದಿರು ಗುಂಪು ಕಟ್ಟಿಕೊಂಡು ಕೋರ್ಟಿಗೆ ಹೋದರು. ಪೋಷಕರ ಒಪ್ಪಿಗೆ ಬೇಕು ಅಂತ ಕೆಳಗಿನ ಕೋರ್ಟು ಹೇಳಿತು. ಬೇಕಿಲ್ಲ ಅಂತ ಮೇಲಿನ ಕೋರ್ಟು ಹೇಳಿತು. ಕೊನೆಗೆ 2009ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಶಾಲಾ ಮಂಡಳಿಯ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷದ ಚುನಾವಣೆಯಲ್ಲಿ ಮಂಡಳಿಯ ಬಹುಮತವೇ ಬದಲಾಯಿತು. ಊರಿಗೆ ಊರೇ ಎರಡು ಪಾಲಾಗಿದ್ದ ಕಾಲ ಅದು. ನಿಮ್ಮ ಪರಿಚಯದವರ ಮಾತಿನ ಸಿಟ್ಟು ಬಹುಶಃ ಅಲ್ಲಿಂದ ಬಂದದ್ದು.

ಆ ಗಲಾಟೆಯಿಂದ ಒಂದು ಒಳ್ಳೆಯದೂ ಆಯಿತು. ಯಾವ ಮನೆಯೂ ತಾನಾಗಿ ಆರಿಸಿಕೊಳ್ಳದೆ ಇಷ್ಟೊಂದು ಶಾಲೆಗಳು ಒಂದೇ ಸಲ ಬದಲಾದದ್ದರಿಂದ, ಕ್ಯಾಲೆಂಡರ್ ಒಂದೇ ಬದಲಾದರೆ ಏನಾಗುತ್ತದೆ ಅಂತ ಅಳೆಯಲು ಸಾಧ್ಯವಾಯಿತು. ಸ್ಟೀವನ್ ಮೆಕ್‌ಮಲೆನ್, ಕ್ಯಾಥ್ರಿನ್ ರೌಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ವೇಕ್ ಕೌಂಟಿಯ ಇದೇ ಮಕ್ಕಳ ಅಂಕಗಳನ್ನು ಹಿಡಿದು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದರು. ಸಾಮಾನ್ಯ ಮಗುವಿನ ಅಂಕದ ಮೇಲೆ ಇಯರ್‌ರೌಂಡ್‌ನ ಪರಿಣಾಮ ಹೆಚ್ಚೂಕಡಿಮೆ ಸೊನ್ನೆ ಅಂತ ಅವರಿಗೆ ಕಂಡಿತು. ಏರಲೂ ಇಲ್ಲ, ಇಳಿಯಲೂ ಇಲ್ಲ. ನಿಮ್ಮ ಊರಿನದೇ ಲೆಕ್ಕ ಇದು. ಪಕ್ಕದ ಮನೆಯವರ ಮಕ್ಕಳು ಮುಂದೆ ಇದ್ದರೆ ಸಂತೋಷ, ಆದರೆ ಅದರ ಪುಣ್ಯ ಕ್ಯಾಲೆಂಡರ್‌ಗೆ ಸೇರುವುದಿಲ್ಲ.

ಹಾಗಾದರೆ ನಿಮ್ಮ ಮಗಳು ಬೇಸಿಗೆಯಲ್ಲಿ ಲೆಕ್ಕ ಮರೆತದ್ದು ಸುಳ್ಳಾ? ಖಂಡಿತ ಸುಳ್ಳಲ್ಲ. ನಾನು ಮಾಮೂಲಿ ಕ್ಯಾಲೆಂಡರ್‌ನಲ್ಲಿ ಪಾಠ ಮಾಡುವಾಗ ಆಗಸ್ಟ್ ಕೊನೆಯ ವಾರ ಬೋರ್ಡ್ ಮೇಲೆ 52ರಲ್ಲಿ 27 ಕಳೆಯಿರಿ ಅಂತ ಬರೆಯುತ್ತಿದ್ದೆ. ಅರ್ಧ ಕ್ಲಾಸಿಗೂ ಹೆಚ್ಚು ಮಕ್ಕಳು 35 ಅಂತ ಬರೆಯುತ್ತಿದ್ದರು. ಐದರಲ್ಲಿ ಎರಡು ಹೋದರೆ ಮೂರು, ಸರಿ. ಬಿಡಿಸ್ಥಾನದಲ್ಲಿ ಎರಡರಿಂದ ಏಳು ಹೋಗುವುದಿಲ್ಲ, ಅದಕ್ಕೆ ತಿರುಗಿಸಿ ಏಳರಿಂದ ಎರಡು ಕಳೆದುಬಿಡುತ್ತಿದ್ದರು. ಪಕ್ಕದಿಂದ ಒಂದು ಕಡ ತಗೋಬೇಕು ಅನ್ನುವುದು ಜೂನ್‌ನಲ್ಲಿ ಗೊತ್ತಿತ್ತು, ಆಗಸ್ಟ್‌ನಲ್ಲಿ ಇರಲಿಲ್ಲ. ನಿಮ್ಮ ಮಗಳು ಮರೆತದ್ದೂ ಇದನ್ನೇ ಇರಬೇಕು. ಹ್ಯಾರಿಸ್ ಕೂಪರ್ ಮತ್ತು ಜೊತೆಯವರು 39 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿ 1996ರಲ್ಲಿ ಹೇಳಿದ್ದು ಇದನ್ನೇ. ಬೇಸಿಗೆ ರಜೆಯಲ್ಲಿ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆ. ಜಾಸ್ತಿ ಕಳೆದುಕೊಳ್ಳುವುದು ಲೆಕ್ಕ ಮಾಡುವ ಕ್ರಮವನ್ನು, ಆಮೇಲೆ ಸ್ಪೆಲಿಂಗ್. ದಿನಾ ಕೈಯಾಡಿಸದಿದ್ದರೆ ಮರೆಯುವ ವಿಷಯಗಳೇ ಇವು. ಓದುವುದು ಹಾಗಲ್ಲ. ಮನೆಯಲ್ಲಿ ಪುಸ್ತಕ ಇದ್ದರೆ ಬೇಸಿಗೆಯಲ್ಲೂ ಅದು ಬೆಳೆಯುತ್ತದೆ.

ಬಾಲ್ಟಿಮೋರ್‌ನಲ್ಲಿ 1982ರಲ್ಲಿ ಶುರುವಾದ ಒಂದು ಹೆಸರಾಂತ ಅಧ್ಯಯನ ಇನ್ನೂ ದೊಡ್ಡ ಮಾತು ಹೇಳಿತ್ತು. ಶಾಲೆ ನಡೆಯುವಾಗ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚೂಕಡಿಮೆ ಒಂದೇ ವೇಗದಲ್ಲಿ ಕಲಿಯುತ್ತಾರೆ, ಅಂತರ ಬೆಳೆಯುವುದು ಬೇಸಿಗೆಯಲ್ಲಿ ಅಂತ. ಇಯರ್‌ರೌಂಡ್ ಪರ ಮಾತಾಡುವವರೆಲ್ಲ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಬಂದರು. ನಾನೂ ಪೋಷಕರ ಸಭೆಗಳಲ್ಲಿ ಹೇಳಿದ್ದೇನೆ. ಆಮೇಲೆ ಪಾಲ್ ವಾನ್ ಹಿಪೆಲ್ ಎಂಬ ಸಂಶೋಧಕರು ಹೊಸ ಪರೀಕ್ಷೆಗಳ ಅಂಕಗಳನ್ನಿಟ್ಟು ಅದನ್ನು ಮತ್ತೆ ನೋಡಿದಾಗ ಆ ಚಿತ್ರ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಅಂತರದ ದೊಡ್ಡ ಪಾಲು ಮಕ್ಕಳು ಕಿಂಡರ್‌ಗಾರ್ಟನ್ ಮೆಟ್ಟಿಲು ಹತ್ತುವ ಮುಂಚೆಯೇ ಇರುತ್ತದೆ. ಅವರೇ ಇಯರ್‌ರೌಂಡ್ ಮಕ್ಕಳನ್ನೂ ನೋಡಿದ್ದಾರೆ. ಬೇಸಿಗೆಯಲ್ಲಿ ಅವರು ಜಾಸ್ತಿ ಕಲಿಯುತ್ತಾರೆ, ಉಳಿದ ತಿಂಗಳುಗಳಲ್ಲಿ ಅಷ್ಟೇ ಕಡಿಮೆ ಕಲಿಯುತ್ತಾರೆ, ವರ್ಷದ ಕೊನೆಗೆ ಲೆಕ್ಕ ಸಮ. ಒಂದು ದೊಡ್ಡ ಮರೆವಿನ ಬದಲು ನಾಲ್ಕು ಸಣ್ಣ ಮರೆವು ಅನ್ನಿ. ಇದನ್ನು ಓದಿದ ಮೇಲೆ ನಾನು ಆ ಹಳೆಯ ಮಾತು ಹೇಳುವುದನ್ನು ಬಿಟ್ಟೆ.

ಇನ್ನೊಂದು ಮಾತು ನಿಮ್ಮ ಕಿವಿಗೆ ಬಿದ್ದಿರುತ್ತದೆ. ಅಮೆರಿಕದ ಬೇಸಿಗೆ ರಜೆ ಹೊಲದ ಕೆಲಸಕ್ಕೆ ಬಂದದ್ದು, ಈಗ ಹೊಲ ಇಲ್ಲ, ರಜೆ ಯಾಕೆ ಅಂತ. ಅದು ಕಟ್ಟುಕಥೆ. ಬೇಸಾಯದ ಮನೆಯಲ್ಲಿ ಕೈ ಬೇಕಾಗುವುದು ಬಿತ್ತುವಾಗ ಮತ್ತು ಕೊಯ್ಯುವಾಗ, ಅಲ್ವಾ? ಹಳ್ಳಿ ಶಾಲೆಗಳು ವಸಂತದಲ್ಲೂ ಸುಗ್ಗಿಯಲ್ಲೂ ಬಾಗಿಲು ಹಾಕಿ, ಬೇಸಿಗೆ ಮತ್ತು ಚಳಿಗಾಲದಲ್ಲಿ ನಡೆಯುತ್ತಿದ್ದವು. ಪಟ್ಟಣದ ಶಾಲೆಗಳಂತೂ ವರ್ಷದ ಬಹುಪಾಲು ತೆರೆದೇ ಇರುತ್ತಿದ್ದವು. 1842ರಲ್ಲಿ ಡೆಟ್ರಾಯಿಟ್‌ನಲ್ಲಿ ಶಾಲೆ 260 ದಿನ ನಡೆಯುತ್ತಿತ್ತು. ಸೆಕೆ, ಸಾಂಕ್ರಾಮಿಕ ರೋಗದ ಹೆದರಿಕೆ, ಬೇಸಿಗೆಯಲ್ಲಿ ಊರು ಬಿಟ್ಟು ತಂಪು ಜಾಗಕ್ಕೆ ಹೋಗುವ ಉಳ್ಳವರು, ಇವೆಲ್ಲ ಸೇರಿ ಈಗಿನ ರಜೆ ಮಾಡಿದವು. ಇವತ್ತು ಅದನ್ನು ಕಾಯುತ್ತಿರುವವರಲ್ಲಿ ಪ್ರವಾಸೋದ್ಯಮದವರು ಮುಖ್ಯ. ನಾರ್ತ್ ಕೆರೊಲಿನಾದಲ್ಲಿ 2004ರಲ್ಲಿ ಒಂದು ಕಾನೂನೇ ಬಂತು. ಮಾಮೂಲಿ ಶಾಲೆ ಆಗಸ್ಟ್ 25ಕ್ಕಿಂತ ಮುಂಚೆ ಶುರುವಾಗಬಾರದು ಅಂತ. ಆಮೇಲೆ ಅದನ್ನು ಆಗಸ್ಟ್ 26ಕ್ಕೆ ಹತ್ತಿರದ ಸೋಮವಾರ ಅಂತ ಬದಲಾಯಿಸಿದರು. ಸಮುದ್ರ ತೀರದ ಹೋಟೆಲ್, ಬಾಡಿಗೆ ಮನೆಗಳವರು ಅದಕ್ಕಾಗಿ ಓಡಾಡಿದ್ದರು. ಇಯರ್‌ರೌಂಡ್ ಶಾಲೆಗೆ ಅದರಿಂದ ವಿನಾಯಿತಿ ಇದೆ. ಆದ್ದರಿಂದಲೇ ನಿಮ್ಮ ಮಗಳು ಜುಲೈನಲ್ಲಿ, ಮಗ ಆಗಸ್ಟ್ ಕೊನೆಯಲ್ಲಿ.

ಅಂಕ ಏರುವುದಿಲ್ಲ ಅಂದಮೇಲೆ ನಾನು ಯಾಕೆ ಇದರ ಪರ ಅಂತ ನೀವು ಕೇಳಬಹುದು.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಶಾಲೆಯಲ್ಲಿ ಪುಕ್ಕಟೆ ಊಟ ಸಿಗುವ ಮಕ್ಕಳಲ್ಲಿ ಒಬ್ಬ. ಸೋಮವಾರ ಬೆಳಿಗ್ಗೆ ಬಂದವನು ಬ್ಯಾಗ್ ಇಡುವ ಮುಂಚೆ ತಿಂಡಿಯ ತಟ್ಟೆ ನೋಡುತ್ತಿದ್ದ. ಹಾಲಿನ ಪ್ಯಾಕೆಟ್ಟನ್ನು ಒಂದೇ ಉಸಿರಿಗೆ ಕುಡಿದು ಇನ್ನೊಂದಕ್ಕೆ ಕಣ್ಣು ಹಾಯಿಸುತ್ತಿದ್ದ. ಶನಿವಾರ, ಭಾನುವಾರ ಎರಡೇ ದಿನದ ಕಥೆ ಇದು. ಅಂಥ ಮಗುವಿಗೆ ಹತ್ತು ವಾರ ಒಟ್ಟಿಗೆ ಶಾಲೆ ಇಲ್ಲ ಅಂದರೆ ಏನು ಅಂತ ಯೋಚಿಸಿ. ಮಾಮೂಲಿ ಕ್ಯಾಲೆಂಡರ್‌ನಲ್ಲಿದ್ದಾಗ ಅಂಥ ಮಕ್ಕಳು ಆಗಸ್ಟ್‌ನಲ್ಲಿ ಬೇರೆಯೇ ಮಕ್ಕಳಾಗಿ ಬರುತ್ತಿದ್ದರು. ಸಣ್ಣದಕ್ಕೂ ಬೆಚ್ಚುತ್ತಿದ್ದರು, ಯಾರನ್ನೂ ನಂಬುತ್ತಿರಲಿಲ್ಲ. ಅವರನ್ನು ಮತ್ತೆ ಕ್ಲಾಸಿಗೆ ಹೊಂದಿಸಲು ಅಕ್ಟೋಬರ್ ಬೇಕಾಗುತ್ತಿತ್ತು. ಇಯರ್‌ರೌಂಡ್‌ನಲ್ಲಿ ಮೂರು ವಾರ ಕಳೆದು ಬಂದವರು ಬುಧವಾರದಷ್ಟರಲ್ಲಿ ಸರಿಹೋಗುತ್ತಿದ್ದರು. ಇದನ್ನು ಯಾವ ಪರೀಕ್ಷೆಯೂ ಅಳೆಯುವುದಿಲ್ಲ. ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯದು, ಹಿಂದೆ ಬಿದ್ದ ಮಗುವನ್ನು ಹಿಡಿಯುವ ಅವಕಾಶ. ಮಾಮೂಲಿ ಶಾಲೆಯಲ್ಲಿ ಅಕ್ಟೋಬರ್‌ನಲ್ಲಿ ಎಡವಿದ ಮಗುವಿಗೆ ವಿಶೇಷ ಪಾಠ ಸಿಗುವುದು ಮುಂದಿನ ಬೇಸಿಗೆಯಲ್ಲಿ, ಆಗ ತಪ್ಪು ಗಟ್ಟಿಯಾಗಿರುತ್ತದೆ. ಒಂಬತ್ತು ವಾರಕ್ಕೊಮ್ಮೆ ಬಿಡುವು ಇದ್ದರೆ ಆ ಮೂರು ವಾರದಲ್ಲಿ ಒಂದು ವಾರ ಶಾಲೆಯಲ್ಲೇ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಬಹುದು. ಇದನ್ನು ಇಂಟರ್‌ಸೆಷನ್ ಅನ್ನುತ್ತಾರೆ. ಇಯರ್‌ರೌಂಡ್‌ನ ಜೀವ ಇರುವುದೇ ಇಲ್ಲಿ ಅನ್ನುವುದು ನನ್ನ ನಂಬಿಕೆ. ಬಿಡುವಿನಲ್ಲಿ ಶಾಲೆ ಏನೂ ಮಾಡದಿದ್ದರೆ ಅದು ಬರೀ ತಾರೀಖು ಅದಲುಬದಲು. ಸಂಶೋಧನೆಯಲ್ಲಿ ಫಲಿತಾಂಶ ಸೊನ್ನೆ ಬಂದಿರುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಆದ್ದರಿಂದ ನಿಮ್ಮ ಶಾಲೆಗೆ ಹೋದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಟ್ರ್ಯಾಕ್ ಔಟ್‌ನಲ್ಲಿ ಹಿಂದೆ ಉಳಿದ ಮಕ್ಕಳಿಗೆ ನೀವು ಏನು ಮಾಡುತ್ತೀರಿ?

ಅಧ್ಯಾಪಕರ ಮಾತೂ ಒಂದು ಇದೆ. ಒಂಬತ್ತು ವಾರ ಕಳೆದ ಮೇಲೆ ಮೂರು ವಾರ ಸಿಕ್ಕರೆ ಮೈ ಮನಸ್ಸು ಎರಡೂ ಹಗುರವಾಗುತ್ತವೆ. ಫೆಬ್ರವರಿಯಲ್ಲಿ ಮಕ್ಕಳ ಮೇಲೆ ಸಿಡುಕುವುದು ನನಗೆ ಇಯರ್‌ರೌಂಡ್‌ಗೆ ಬಂದ ಮೇಲೆ ತಪ್ಪಿತು.

ಆದರೆ ನಾಲ್ಕು ಟ್ರ್ಯಾಕ್‌ನ ಶಾಲೆಗೆ ತನ್ನದೇ ಕಷ್ಟಗಳಿವೆ. ಶಾಲೆಯ ಎಲ್ಲ ಮಕ್ಕಳೂ ಒಟ್ಟಿಗೆ ರಜೆಗೆ ಹೋಗುವ ಇಯರ್‌ರೌಂಡ್ ಬೇರೆ, ನಾಲ್ಕು ಟ್ರ್ಯಾಕ್ ಬೇರೆ. ಮೊದಲನೆಯದು ಸಿಂಗಲ್ ಟ್ರ್ಯಾಕ್. ಜನ ಎರಡನ್ನೂ ಒಂದೇ ಅಂದುಕೊಂಡು ವಾದ ಮಾಡುತ್ತಾರೆ, ಗೊಂದಲ ಅಲ್ಲೇ ಹುಟ್ಟುತ್ತದೆ. ನಾಲ್ಕು ಟ್ರ್ಯಾಕ್‌ನಲ್ಲಿ ಕೋಣೆ ಖಾಲಿ ಬಿಡುವಂತಿಲ್ಲ. ಟ್ರ್ಯಾಕ್ ಔಟ್‌ನ ಹಿಂದಿನ ಶುಕ್ರವಾರ ಸಂಜೆ ನಾನು ಗೋಡೆಯ ಚಿತ್ರಗಳನ್ನೆಲ್ಲ ಬಿಚ್ಚಿ, ಪುಸ್ತಕ, ಬಣ್ಣದ ಡಬ್ಬಿ, ಮಣಿ ಚೌಕಟ್ಟು ಎಲ್ಲವನ್ನೂ ಚಕ್ರವಿರುವ ಎತ್ತರದ ಬೀರುವಿಗೆ ತುಂಬಿ ಕಾರಿಡಾರ್‌ಗೆ ತಳ್ಳುತ್ತಿದ್ದೆ. ಸೋಮವಾರ ಅದೇ ಕೋಣೆಗೆ ಬೇರೆ ಟೀಚರ್, ಬೇರೆ ಮಕ್ಕಳು. ಮೂರು ವಾರ ಆದಮೇಲೆ ನಮಗೆ ಸಿಗುತ್ತಿದ್ದದ್ದು ಇನ್ಯಾವುದೋ ಕೋಣೆ. ಕೆಲವು ಮಕ್ಕಳಿಗೆ ಇದು ಏನೂ ಅನ್ನಿಸುವುದಿಲ್ಲ. ಜಾಗ ಬದಲಾದರೆ ಕಂಗಾಲಾಗುವ ಮಕ್ಕಳಿಗೆ ಕಷ್ಟ. ನಿಮ್ಮ ಮಗಳು ಈಗಷ್ಟೇ ಮನೆ ಬದಲಾಯಿಸಿದ್ದಾಳೆ. ಹೊಸ ಜಾಗಕ್ಕೆ ಹೇಗೆ ಹೊಂದಿಕೊಂಡಳು ಅನ್ನುವುದನ್ನು ನೋಡಿ ನೀವೇ ಅಂದಾಜು ಮಾಡಬಹುದು.

ಜಾಗ ಉಳಿಸುವುದೇ ಮುಖ್ಯವಾದರೆ ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಲಾಸ್ ಏಂಜಲೀಸ್ ನೋಡಿ. ಅಲ್ಲಿ ತುಂಬಿ ತುಳುಕುವ ಶಾಲೆಗಳಲ್ಲಿ "ಕಾನ್ಸೆಪ್ಟ್ 6" ಅನ್ನುವ ಕ್ಯಾಲೆಂಡರ್ ಇತ್ತು. ಮಕ್ಕಳಿಗೆ ವರ್ಷಕ್ಕೆ 163 ದಿನವಷ್ಟೇ ಶಾಲೆ. ದಿನವನ್ನು ಸ್ವಲ್ಪ ಉದ್ದ ಮಾಡಿ ಸರಿದೂಗಿಸುತ್ತೇವೆ ಅನ್ನುತ್ತಿದ್ದರು. ಇದರಲ್ಲಿ ಸಿಕ್ಕಿಕೊಂಡವರು ಹೆಚ್ಚಾಗಿ ಬಡವರ, ವಲಸೆ ಬಂದವರ ಮಕ್ಕಳು. ವಿಲಿಯಮ್ಸ್ ಎಂಬ ಹೆಸರಿನ ಮೊಕದ್ದಮೆ 2004ರಲ್ಲಿ ರಾಜಿಯಾದಾಗ 2012ರೊಳಗೆ ಈ ಕ್ಯಾಲೆಂಡರ್ ನಿಲ್ಲಿಸಬೇಕು ಅಂತ ಆಯಿತು. ಕ್ಯಾಲಿಫೋರ್ನಿಯಾದ ಅಂಕಗಳನ್ನು ನೋಡಿದ ಜೆನಿಫರ್ ಗ್ರೇವ್ಸ್ ಎಂಬ ಸಂಶೋಧಕಿ, ಹಲವು ಟ್ರ್ಯಾಕ್‌ಗಳ ಮಾದರಿಯಿಂದ ಮಕ್ಕಳಿಗೆ ನಷ್ಟವೇ ಆಯಿತು ಅಂತ ತೋರಿಸಿದ್ದಾರೆ. ನಿಮ್ಮ ಕೌಂಟಿ ಆ ಮಟ್ಟಕ್ಕೆ ಹೋಗಿಲ್ಲ. ಇಲ್ಲಿ ಪಾಠದ ದಿನಗಳನ್ನು ಕತ್ತರಿಸಿಲ್ಲ.

ಅದೇ ಗ್ರೇವ್ಸ್ ಇನ್ನೊಂದು ಕಡೆ ಗಮನಿಸಿದ್ದು ನಿಮಗೆ ನೇರವಾಗಿ ಸೇರಿದ್ದು. ಹಲವು ಟ್ರ್ಯಾಕ್ ಇರುವ ಕಡೆ ಶಾಲೆಗೆ ಹೋಗುವ ಮಕ್ಕಳ ತಾಯಂದಿರು ಕೆಲಸದಲ್ಲಿ ಉಳಿಯುವುದು ಕಡಿಮೆಯಾಗುತ್ತದೆ. ಭಾರ ಯಾರ ತಲೆಗೆ ಬರುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ, ಅಲ್ವಾ? ಆದ್ದರಿಂದ ನಿಮ್ಮ "ಯಾರು ನೋಡಿಕೊಳ್ಳುವುದು" ಅನ್ನುವ ಪ್ರಶ್ನೆಯನ್ನು ದಯವಿಟ್ಟು ಸಣ್ಣದು ಅಂದುಕೊಳ್ಳಬೇಡಿ. ಶಾಲೆ ಯಾವುದು ಅನ್ನುವುದಕ್ಕಿಂತ ಮೊದಲು ಇದು ತೀರ್ಮಾನವಾಗಬೇಕು.

ಲೆಕ್ಕ ಹಾಕಿದರೆ ಕ್ಯಾಂಪ್ ಬೇಕಾಗುವ ವಾರಗಳು ಎರಡರಲ್ಲೂ ಹೆಚ್ಚೂಕಡಿಮೆ ಅಷ್ಟೇ. ಬೇಸಿಗೆಯಲ್ಲಾದರೆ ಹತ್ತು-ಹನ್ನೊಂದು, ಇಲ್ಲಿ ಹನ್ನೆರಡು. ಕ್ಯಾರಿಯ ಪಟ್ಟಣ ಆಡಳಿತದ ಪಾರ್ಕ್ ಇಲಾಖೆಯೂ ವೈಎಂಸಿಎ ಕೂಡ ಟ್ರ್ಯಾಕ್ ಔಟ್ ಕ್ಯಾಂಪ್‌ಗಳನ್ನು ನಡೆಸುತ್ತವೆ. ಒಳ್ಳೆಯವು ಬೇಗ ತುಂಬುತ್ತವೆ, ಟ್ರ್ಯಾಕ್ ಗೊತ್ತಾದ ವಾರವೇ ಹೆಸರು ಬರೆಸಿ. ಬೇಸಿಗೆಯಲ್ಲಾದರೆ ಪಕ್ಕದ ಮನೆಯ ಹೈಸ್ಕೂಲು ಹುಡುಗಿ, ನಿಮ್ಮ ಮಗ, ಊರಿನಿಂದ ಬಂದ ಯಾರಾದರೂ ಇರುತ್ತಾರೆ. ಅಕ್ಟೋಬರ್‌ನ ಮಂಗಳವಾರ ಯಾರೂ ಇರುವುದಿಲ್ಲ. ನೀವು ಶಿಫ್ಟ್‌ನಲ್ಲಿ ಇರುವುದು ಒಂದು ರೀತಿ ಅನುಕೂಲ. ಮೇಲಿನವರ ಹತ್ತಿರ ಈಗಲೇ ಮಾತಾಡಿ, ಆ ಮೂರು ವಾರಗಳಲ್ಲಿ ವಾರಾಂತ್ಯದ ಡ್ಯೂಟಿ ಸಿಗುತ್ತದಾ ಕೇಳಿ. ಯಜಮಾನರೂ ಮನೆಯಿಂದ ಕೆಲಸದ ದಿನಗಳನ್ನು ಆ ವಾರಗಳಿಗೆ ಹೊಂದಿಸಿಕೊಳ್ಳಲಿ. ಈ ಕ್ಯಾಲೆಂಡರ್ ಇಬ್ಬರದೂ ಆಗಬೇಕು. ನಿಮ್ಮೊಬ್ಬರದಾದರೆ ಎರಡನೇ ಟ್ರ್ಯಾಕ್ ಔಟ್ ಬರುವಷ್ಟರಲ್ಲಿ ನೀವು ಸುಸ್ತಾಗಿಬಿಡುತ್ತೀರಿ.

ಈಗ ಮೈಸೂರಿಗೆ ಬರೋಣ.

ಕಳೆದ ಬೇಸಿಗೆಯಲ್ಲಿ ಮಗಳು ಅಲ್ಲಿದ್ದದ್ದು ಜೂನ್, ಜುಲೈ, ಆಗಸ್ಟ್‌ನ ಲೆಕ್ಕದಲ್ಲಿ, ಅಲ್ವಾ? ಆಗ ಅಲ್ಲಿನ ಅಣ್ಣ ತಮ್ಮಂದಿರು, ಅಕ್ಕ ತಂಗಿಯರು ಎಲ್ಲಿದ್ದರು? ಶಾಲೆಯಲ್ಲಿ. ಕರ್ನಾಟಕದ ಬೇಸಿಗೆ ರಜೆ ಏಪ್ರಿಲ್ 10ರ ಆಸುಪಾಸಿಗೆ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಅಮೆರಿಕದ ಮಾಮೂಲಿ ಬೇಸಿಗೆ ರಜೆ ಶುರುವಾಗುವುದೇ ಅದು ಮುಗಿದ ಮೇಲೆ. ಮಗು ಹೋಗುವಾಗ ಮಾವಿನಹಣ್ಣಿನ ಕಾಲವೂ ಮುಗಿಯುತ್ತಾ ಬಂದಿರುತ್ತದೆ, ಜೊತೆಗೆ ಆಡುವವರು ಸಂಜೆ ನಾಲ್ಕೂವರೆಗೆ ಯೂನಿಫಾರ್ಮ್‌ನಲ್ಲಿ ಮನೆಗೆ ಬರುತ್ತಾರೆ. ಇಯರ್‌ರೌಂಡ್‌ನಲ್ಲಿ ನಿಮ್ಮ ಟ್ರ್ಯಾಕ್‌ನ ಬಿಡುವು ದಸರಾ ರಜೆಯ ಹತ್ತಿರವೋ ಏಪ್ರಿಲ್‌ನಲ್ಲೋ ಬಿದ್ದರೆ, ಮಗು ಮೊದಲ ಸಲ ಅಲ್ಲಿನ ಮಕ್ಕಳ ರಜೆಯಲ್ಲಿ ಅಲ್ಲಿರುತ್ತಾಳೆ. ಬೊಂಬೆ ಕೂರಿಸುವುದು, ಜಂಬೂ ಸವಾರಿ, ಏಪ್ರಿಲ್ ಆದರೆ ಮಾವಿನಹಣ್ಣು. ಜೂನ್‌ನಲ್ಲಿ ವಿಮಾನದ ಟಿಕೆಟ್ಟಿಗೆ ನೀವು ಕೊಡುವ ಬೆಲೆಗೂ ಅಕ್ಟೋಬರ್ ಶುರುವಿನ ಬೆಲೆಗೂ ಹೋಲಿಸಿ ನೋಡಿ.

ನಷ್ಟವೂ ಇದೆ, ಅದನ್ನು ನಾನು ಮರೆಸಿ ಹೇಳುವುದಿಲ್ಲ. ಎರಡು ತಿಂಗಳು ಮೂರು ವಾರ ಆಗುತ್ತದೆ. ಆ ಮೂರು ವಾರದಲ್ಲೂ ಮೊದಲ ನಾಲ್ಕು ದಿನ ನಿದ್ದೆಯ ಹೊತ್ತು ಸರಿಹೋಗುವುದಕ್ಕೇ ಬೇಕು. ಮಗುವಿನ ಕನ್ನಡ ಗಟ್ಟಿಯಾಗುವುದು ಎರಡನೇ ತಿಂಗಳಲ್ಲಿ. ಮೊದಲ ಮೂರು ವಾರ ಕೇಳಿಸಿಕೊಳ್ಳುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ. ಅಜ್ಜಿ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ಕಲಿಯುವ ಭಾಷೆಗೆ ಅವಸರ ಮಾಡಲು ಆಗುವುದಿಲ್ಲ. ನನ್ನನ್ನು ಕೇಳಿದರೆ ನಿಮ್ಮಂಥ ಮನೆಗಳಿಗೆ ಇಯರ್‌ರೌಂಡ್‌ನಿಂದ ಆಗುವ ದೊಡ್ಡ ನಷ್ಟ ಇದೇ. ಇದಕ್ಕೆ ಎರಡು ದಾರಿ ಇವೆ. ಕೆಲವು ವರ್ಷ ಕೆಲವು ಟ್ರ್ಯಾಕ್‌ಗೆ ಬಿಡುವು ಡಿಸೆಂಬರ್ ರಜೆಯ ಪಕ್ಕಕ್ಕೇ ಬಂದು ಉದ್ದವಾಗುವುದುಂಟು, ಹಾಳೆ ಹಿಡಿದು ನೋಡಿ. ಇಲ್ಲದಿದ್ದರೆ ಅತ್ತೆಯವರನ್ನೇ ಒಂದು ಟ್ರ್ಯಾಕ್ ಔಟ್ ಸೇರುವ ಹಾಗೆ ಇಲ್ಲಿಗೆ ಕರೆಸಿ. ಮಗಳನ್ನು ಯಾರು ನೋಡಿಕೊಳ್ಳುವುದು ಅನ್ನುವುದೂ ಅಲ್ಲಿಗೆ ಒಂದು ಸಲಕ್ಕೆ ತೀರಿತು. ಶಾಲೆಯ ದಿನಗಳಲ್ಲಿ ರಜೆ ಹಾಕಿಸಿ ಪ್ರವಾಸ ಉದ್ದ ಮಾಡುವ ಯೋಚನೆ ಇದ್ದರೆ ಟಿಕೆಟ್ ತೆಗೆಯುವ ಮುಂಚೆ ಪ್ರಿನ್ಸಿಪಾಲರ ಹತ್ತಿರ ಬರವಣಿಗೆಯಲ್ಲಿ ಕೇಳಿ. ಥರ್ಡ್ ಗ್ರೇಡ್ ಈ ರಾಜ್ಯದಲ್ಲಿ ಸುಮ್ನೆ ಕಳೆಯುವ ವರ್ಷ ಅಲ್ಲ. ವರ್ಷದ ಕೊನೆಯ ರಾಜ್ಯ ಪರೀಕ್ಷೆ ಶುರುವಾಗುವುದು ಅಲ್ಲಿಂದಲೇ. ಓದುವುದರಲ್ಲಿ ಒಂದು ಮಟ್ಟ ಮುಟ್ಟಬೇಕು ಅನ್ನುವ 2012ರ ಕಾನೂನೂ ಆ ಗ್ರೇಡ್‌ಗೇ ಇದೆ.

ನಿಮ್ಮ ಮುಂದಿರುವ ದಾರಿಗಳು ಇವು. ಸಿಕ್ಕ ಶಾಲೆಯನ್ನು ಒಪ್ಪಿಕೊಂಡು ನಿಮಗೆ ಬೇಕಾದ ಟ್ರ್ಯಾಕ್ ಕೇಳಬಹುದು. ಕೇಳಿದ್ದು ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಟ್ರ್ಯಾಕ್ 4 ಮಾಮೂಲಿ ಕ್ಯಾಲೆಂಡರ್‌ಗೆ ಹತ್ತಿರ ಇರುವುದರಿಂದ ಅದಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಮಗನ ರಜೆಗೆ ಹೊಂದಬೇಕು ಅನ್ನುವುದೇ ಮುಖ್ಯವಾದರೆ ಅದನ್ನೇ ಮೊದಲು ಬರೆಯಿರಿ. ದಸರಾ ಮುಖ್ಯವಾದರೆ ಬೇರೆ ಟ್ರ್ಯಾಕ್ ಆಗಬಹುದು, ತಾರೀಖು ನೋಡಿಯೇ ಬರೆಯಿರಿ.

ಇಲ್ಲವೇ ಮಾಮೂಲಿ ಕ್ಯಾಲೆಂಡರ್‌ನ ಶಾಲೆಗೆ ಅರ್ಜಿ ಹಾಕಬಹುದು. ಇಯರ್‌ರೌಂಡ್ ವಿಳಾಸದವರಿಗೆ ಅದಕ್ಕೊಂದು ಪರ್ಯಾಯ ಶಾಲೆಯನ್ನು ಕೌಂಟಿಯೇ ಗೊತ್ತು ಮಾಡಿರುತ್ತದೆ. ಆ ಶಾಲೆ ದೂರ ಇರಬಹುದು, ಬಸ್ಸಿನ ಹೊತ್ತು ಉದ್ದ ಆಗಬಹುದು. ಬೀದಿಯಲ್ಲಿ ಆಡುವ ಮಕ್ಕಳೆಲ್ಲ ಒಂದು ಶಾಲೆ, ನಿಮ್ಮ ಮಗಳು ಇನ್ನೊಂದು ಶಾಲೆ ಅಂತಲೂ ಆಗಬಹುದು. ಎಂಟು ವರ್ಷದ ಮಗುವಿಗೆ ಅದು ಸಣ್ಣ ವಿಷಯ ಅಲ್ಲ. ಹತ್ತಿರದಲ್ಲಿ ಸಿಂಗಲ್ ಟ್ರ್ಯಾಕ್ ಅಥವಾ ಜುಲೈ ಕೊನೆಗೆ ಶುರುವಾಗುವ ಮಾಡಿಫೈಡ್ ಕ್ಯಾಲೆಂಡರ್ ಶಾಲೆ ಇದೆಯಾ ಅಂತಲೂ ವಿಚಾರಿಸಿ. ಇಯರ್‌ರೌಂಡ್‌ನ ಒಳ್ಳೆಯ ಗುಣ ಉಳಿದು ಬೀರು ತಳ್ಳುವ ಕಷ್ಟ ಇಲ್ಲದ ಮಾದರಿ ಅದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಅದೇ, ಆದರೆ ಸೀಟು ಸಿಗುವುದು ಕಷ್ಟ. ಅರ್ಜಿಗೆ ಕೊನೆಯ ದಿನ ಇರುತ್ತದೆ, ಇವತ್ತೇ ನೋಡಿಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹತ್ತಿರದ ಶಾಲೆಯನ್ನೇ ಒಪ್ಪಿಕೊಂಡು, ದಸರಾ ಕಡೆ ಬಿಡುವು ಬರುವ ಟ್ರ್ಯಾಕ್ ಕೇಳಿ, ಒಂದು ವರ್ಷ ನೋಡುತ್ತಿದ್ದೆ. ಒಂದು ವರ್ಷ ಆದಮೇಲೆ ಬದಲಾಯಿಸಲು ಅರ್ಜಿ ಹಾಕಬಹುದು. ಆದರೆ ಇಬ್ಬರ ಕೆಲಸದಲ್ಲೂ ಮೊದಲ ಎರಡು ಟ್ರ್ಯಾಕ್ ಔಟ್‌ಗೆ ವ್ಯವಸ್ಥೆ ಆಗುವುದಿಲ್ಲ ಅಂತ ಗೊತ್ತಾದರೆ ಮಾಮೂಲಿ ಶಾಲೆಗೇ ಹೋಗಿ, ಬೇಜಾರು ಮಾಡಿಕೊಳ್ಳಬೇಡಿ. ಅಂಕದಲ್ಲಿ ಮಗಳು ಏನೂ ಕಳೆದುಕೊಳ್ಳುವುದಿಲ್ಲ.

ಕಳೆಯುವ ಲೆಕ್ಕಕ್ಕೆ ಶಾಲೆ ಶುರುವಾಗುವವರೆಗೂ ಕಾಯಬೇಡಿ. ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಐದು ಕಟ್ಟು, ಎರಡು ಬಿಡಿ ಕಡ್ಡಿ ಅವಳ ಮುಂದೆ ಇಟ್ಟು 27 ಕೊಡು ಅನ್ನಿ. ಏಳು ಬಿಡಿ ಕೊಡಲು ಆಗದೆ ಅವಳೇ ಒಂದು ಕಟ್ಟು ಬಿಚ್ಚುತ್ತಾಳೆ. ಬಿಚ್ಚುವವರೆಗೂ ನೀವು ಬಾಯಿ ಬಿಡಬೇಡಿ. ದಿನಕ್ಕೆ ಹತ್ತು ನಿಮಿಷ, ಎರಡು ವಾರ ಸಾಕು. ಭಾನುವಾರ ಅಜ್ಜಿಗೆ ವಿಡಿಯೋ ಕಾಲ್ ಮಾಡಿದಾಗ ಅದನ್ನೇ ಕನ್ನಡದಲ್ಲಿ ಎಣಿಸಿ ತೋರಿಸಲಿ.